ಕಿಸಬಾಯಿ ದಾಸನ ಪರವಾಗಿ ಎರಡು ಮಾತು

ಮಾನ್ಯ ಸಂಪಾದಕರೇ,

ಕಳೆದ ವಾರದ ವಿಜ್ಞಾನ ಪುಟದಲ್ಲಿ ಹರ್ಪಿಸ್ ವೈರಸ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿಯೇ ಇತ್ತು, ಒಂದು ವಾಕ್ಯ ಬರುವ ತನಕ. ಇವುಗಳ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಸಾಲುಗಳನ್ನು ಲೇಖಕರು 'ಹಾಡಿದ್ದೇ ಹಾಡೋ ಕಿಸಬಾಯಿ ದಾಸ'ನಿಗೆ ಹೋಲಿಸಿ, ಅದೆಲ್ಲ ಬರೀ ಕಸ ಅಂತ ಮುಗಿಸಿಬಿಟ್ಟಿದ್ದಾರೆ.

ನಾನು ವಿಜ್ಞಾನಿಯಲ್ಲ. ಡಿಎನ್‌ಎ ಓದುವ ಲ್ಯಾಬ್ ಒಂದರಲ್ಲಿ ಟೆಕ್ನೀಷಿಯನ್ ಆಗಿದ್ದು ನಿವೃತ್ತಳಾದವಳು. ಈ ದಾಸನನ್ನು ನನ್ನಷ್ಟು ಬೈದವರು ಕಡಿಮೆ. ಡಿಎನ್‌ಎಯನ್ನು ಚೂರು ಚೂರು ಮಾಡಿ ಓದುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಆ ಚೂರುಗಳನ್ನು ಒಂದಕ್ಕೊಂದು ಹೊಂದಿಸಿ ಜೋಡಿಸಬೇಕು. ಎಲ್ಲ ಚೂರೂ ಒಂದೇ ತರ ಇದ್ದರೆ ಯಾವುದು ಎಲ್ಲಿಗೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹತ್ತು ಸಲ ಇರುವುದನ್ನು ಎರಡೇ ಸಲ ಅಂತ ಮಡಚಿ ಕೊಡುತ್ತಿತ್ತು. 'ಹೋಗ್ಲಿ ಬಿಡಿ, ಯಾರು ಎಣಿಸ್ತಾರೆ' ಅನ್ನುತ್ತಿದ್ದರು ಮೇಲಿನವರೊಬ್ಬರು. ನಾನೂ ಎಷ್ಟೋ ಸಲ ಹಾಗೇ ಬಿಟ್ಟಿದ್ದೇನೆ.

ಎಣಿಸುವವರಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಎಪ್ಸ್ಟೀನ್-ಬಾರ್ ವೈರಸ್ ವಿಚಾರದಲ್ಲಿ. ಇದೂ ಹರ್ಪಿಸ್ ಕುಟುಂಬದ್ದೇ. ಇದರ ಡಿಎನ್‌ಎ ಸುಮಾರು 1,72,000 ಬೇಸ್ ಜೋಡಿಗಳ ಉದ್ದ (ಬೇಸ್ ಅಂದರೆ ಡಿಎನ್‌ಎಯ ಒಂದು ಅಕ್ಷರ). ಎರಡೂ ತುದಿಯಲ್ಲಿ ಸುಮಾರು 500 ಬೇಸ್‌ಗಳ ಒಂದೇ ತುಣುಕು ಸಾಲಾಗಿ ಕೂತಿರುತ್ತದೆ. ಜೀವಕೋಶದ ಒಳಗೆ ಹೋದಮೇಲೆ ಎರಡು ತುದಿ ಕೂಡಿಕೊಂಡು ಡಿಎನ್‌ಎ ಬಳೆಯಂತಾಗುತ್ತದೆ. ಆಗ ಎಷ್ಟು ತುಣುಕು ಉಳಿಯುತ್ತವೆ ಅನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಆದರೆ ಒಂದು ಕೋಶ ಒಡೆದು ಎರಡಾದರೆ, ಎರಡರಿಂದ ನಾಲ್ಕಾದರೆ, ಅದೇ ಎಣಿಕೆ ಮರಿಕೋಶಗಳಿಗೂ ಹೋಗುತ್ತದೆ. ಈಗ ಈ ವೈರಸ್ ಇರುವ ಒಂದು ಕ್ಯಾನ್ಸರ್ ಗೆಡ್ಡೆಯ ಕೋಶಗಳನ್ನು ತೆಗೆದು ನೋಡಿ. ಎಲ್ಲದರಲ್ಲೂ ಒಂದೇ ಲೆಕ್ಕ ಬಂದರೆ, ವೈರಸ್ ಹೊಕ್ಕ ಒಂದೇ ಕೋಶದಿಂದ ಇಡೀ ಗೆಡ್ಡೆ ಬೆಳೆದಿದೆ ಅಂತ ಅರ್ಥ. 1986ರಲ್ಲೇ ಈ ಉಪಾಯ ಹೊರಬಂದಿತ್ತು. ನಾನು ಮಡಚಿಟ್ಟು ಕೈತೊಳೆದುಕೊಂಡ ಸಾಲುಗಳು ಸಾಕ್ಷಿ ಹೇಳುತ್ತಿದ್ದವು!

ಇದು ನಮಗಾದ ಉಪಯೋಗ, ವೈರಸ್‌ಗೇನು ಲಾಭ ಅಂತ ಕೇಳಬಹುದು. ಅದೇ ವೈರಸ್‌ನ ಇನ್ನೊಂದು ಜಾಗದಲ್ಲಿ 30 ಬೇಸ್‌ಗಳ ತುಣುಕು 20ರ ಆಸುಪಾಸು ಸಲ ಬರುತ್ತದೆ. ಇಬಿಎನ್‌ಎ-1 ಅನ್ನುವ ಪ್ರೋಟೀನ್ ಒಂದು ಕೈಯಲ್ಲಿ ಈ ತುಣುಕುಗಳನ್ನು ಹಿಡಿಯುತ್ತದೆ, ಇನ್ನೊಂದು ಕೈಯಲ್ಲಿ ನಮ್ಮ ಕ್ರೋಮೋಸೋಮ್ ಹಿಡಿಯುತ್ತದೆ. ಕೋಶ ಒಡೆಯುವಾಗ ವೈರಸ್ ಜಾರಿ ಹೋಗದೆ ಜೊತೆಗೇ ಸಾಗುತ್ತದೆ. ಒಂದು ಹಿಡಿ ಸಾಲದು, ಅದಕ್ಕೇ ಇಷ್ಟೊಂದು.

ತುಟಿ ಮೇಲೆ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್‌ಗೆ ಬನ್ನಿ. ಇದರ ಡಿಎನ್‌ಎ ಪ್ರತಿಗಳು ಬಿಡಿಬಿಡಿಯಾಗಿ ಹುಟ್ಟುವುದಿಲ್ಲ. ಒಂದರ ಬಾಲಕ್ಕೆ ಒಂದು ಅಂಟಿಕೊಂಡ ಉದ್ದನೆಯ ಸರಪಳಿಯಾಗಿ ಬರುತ್ತವೆ. ಎಲ್ಲಿ ಕತ್ತರಿಸಿ ಚಿಪ್ಪಿನೊಳಗೆ ತುಂಬಬೇಕು ಅಂತ ಗುರುತು ಬೇಕಲ್ವಾ? ತುದಿಗಳಲ್ಲಿ ಮತ್ತು ನಡುವಿನ ಗಂಟಿನಲ್ಲಿ ಮರಳಿ ಬರುವ 'ಎ' ಅನ್ನುವ ಚಿಕ್ಕ ಸಾಲೇ ಆ ಗುರುತು. ಅದನ್ನು ತೆಗೆದರೆ ಕತ್ತರಿಯೂ ಆಡದು, ಚಿಪ್ಪೂ ತುಂಬದು.

ಅದೇ ವೈರಸ್‌ನ ದೊಡ್ಡ ಪುನರಾವರ್ತನೆಗಳಲ್ಲಿ ಪೂರ್ತಿ ಜೀನ್‌ಗಳೇ ಕೂತಿವೆ, ಎರಡೆರಡು ಪ್ರತಿ. ಮಿದುಳಿನಲ್ಲಿ ಹಾವಳಿ ಎಬ್ಬಿಸುವ ಶಕ್ತಿ ಕೊಡುವ ಜೀನ್ ಅವುಗಳಲ್ಲೊಂದು. ಚರ್ಮದ ಕ್ಯಾನ್ಸರ್ ಮೆಲನೋಮಾಕ್ಕೆ ಇದೇ ವೈರಸ್‌ನಿಂದ ಟಿ-ವೆಕ್ ಅನ್ನುವ ಔಷಧಿ ಮಾಡಿದರು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಮಾಡುವಾಗ ಈ ಜೀನಿನ ಎರಡೂ ಪ್ರತಿ ಕಿತ್ತುಹಾಕಬೇಕಾಯಿತು. ಕಸ ಅಂತ ಒಂದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರೆ ಏನಾಗುತ್ತಿತ್ತು!

ಇದೇ ಕುಟುಂಬದ ಇನ್ನೊಂದು ವೈರಸ್ ಎಚ್‌ಎಚ್‌ವಿ-6ದ್ದು ಇನ್ನೂ ಸೋಜಿಗ. ಅದರ ತುದಿಯಲ್ಲಿರುವ ಟಿಟಿಎಜಿಜಿಜಿ ಸಾಲು ನಮ್ಮ ಕ್ರೋಮೋಸೋಮ್‌ಗಳ ತುದಿಯಲ್ಲೂ ಇದೆ, ಅಕ್ಷರ ಅಕ್ಷರ ಅದೇ. ಈ ವೈರಸ್ ಹೋಗಿ ಸೇರಿಕೊಳ್ಳುವುದೂ ಅಲ್ಲಿಗೇ. 100 ಜನರಲ್ಲಿ ಸುಮಾರು ಒಬ್ಬರ ಮೈಯ ಪ್ರತಿ ಕೋಶದಲ್ಲೂ ಅಪ್ಪನಿಂದಲೋ ಅಮ್ಮನಿಂದಲೋ ಬಂದ ಈ ವೈರಸ್ ಇರುತ್ತದೆ.

ಲೇಖಕರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಸಿಂಪ್ಲೆಕ್ಸ್‌ನ ನಡುವಿನ ಪುನರಾವರ್ತನೆಗಳನ್ನು ತೆಗೆದ ವೈರಸ್ ಲ್ಯಾಬ್‌ನಲ್ಲಿ ಬೆಳೆದದ್ದುಂಟು. ಹಾಗಾಗಿ ಪ್ರತಿಯೊಂದು ಸಾಲೂ ಪ್ರಾಣಕ್ಕೆ ಸಮ ಅಂತ ನಾನು ವಾದಿಸುವುದಿಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ಬೆಳೆಯುವುದೇ ಬೇರೆ, ನರದ ಗಂಟಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿರುವುದೇ ಬೇರೆ.

ಕೊನೆಯದಾಗಿ, ಲೇಖನದ ಜೊತೆ ಹಾಕಿದ್ದ ಸಿಂಪ್ಲೆಕ್ಸ್ ಡಿಎನ್‌ಎಯ ಚಿತ್ರದ ಬಗ್ಗೆ. ಜಾಗ ಉಳಿಸಲು ಇರಬೇಕು, ಡಿಎನ್‌ಎಯ ಎರಡೂ ತುದಿ ಕತ್ತರಿಸಿ ಅಚ್ಚು ಹಾಕಿದ್ದೀರಿ. 'ಎ' ಸಾಲು ಇರುವುದೇ ಅಲ್ಲಿ. ಮುಂದಿನ ಸಲ ಬೇಕಿದ್ದರೆ ನಡುವೆ ಎಲ್ಲಾದರೂ ಚುಕ್ಕಿ ಹಾಕಿ, ತುದಿ ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು, ನಿವೃತ್ತ ಲ್ಯಾಬ್ ಟೆಕ್ನೀಷಿಯನ್