ಆ 'ವಾಟ್' ಅನ್ನ ತಿದ್ದಬೇಡ

ಪ್ರೀತಿಯ ತಮ್ಮ,

ಪ್ಯಾಲೇಸ್ ಬ್ರದರ್ಸ್ ಅನ್ನೋ ಅಮೆರಿಕದ ಬ್ಯಾಂಡ್ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದ್ದೆ, ಜೊತೆಗಿದ್ದ ಪತ್ರ ಮೂರು ಸಲ. 'ಅವರ ಕೆಂಟಕಿ ರಾಜ್ಯ ನೋಡೇ ಇಲ್ಲ, ಅಲ್ಲಿನ ಹಳ್ಳಿ ಸೊಗಡಿನ ಕಂಟ್ರಿ ಸಂಗೀತದ ಗಂಧಗಾಳಿ ಇಲ್ಲ, ಬರೆಯೋಕೆ ನಾನ್ಯಾರು, ಬಿಟ್ಬಿಡ್ತೀನಿ' ಅಂದಿದ್ದೀಯಲ್ಲ, ರಾತ್ರಿ ನಿದ್ದೆ ಹತ್ತಲಿಲ್ಲ ನಂಗೆ. ಪ್ಯಾರಾ ಎಲ್ಲಿ ಒಡೀಬೇಕು, ಎಷ್ಟು ಪದ ಇರ್ಬೇಕು ಅಂತೆಲ್ಲ ಕೇಳಿದ್ದೀಯ, ಅವು ಬರೀತಾ ಬರೀತಾ ಕೈಗೆ ಬರುತ್ವೆ, ಬಿಡು.

ನನ್ನ ತಕರಾರು ಬೇರೆ. ಪ್ಯಾಲೇಸ್ ಬ್ರದರ್ಸ್‌ನ 1993ರ ಆ ಮೊದಲ ಆಲ್ಬಂ ಹೆಸರು 'ದೇರ್ ಈಸ್ ನೋ-ಒನ್ ವಾಟ್ ವಿಲ್ ಟೇಕ್ ಕೇರ್ ಆಫ್ ಯು'. ನಿನ್ನ ನೋಡ್ಕೊಳ್ಳೋರು ಯಾರೂ ಇಲ್ಲ ಅಂತ, ಆಡುಮಾತಿನ ಇಂಗ್ಲಿಷಲ್ಲಿ. ನೀನು ವ್ಯಾಕರಣ ಸರಿ ಮಾಡೋಕೆ 'ವಾಟ್' ಕಿತ್ತು 'ಹೂ' ಹಾಕಿದ್ದೀಯ. ಯಾಕಪ್ಪ? ಅದನ್ನ ಹಾಡಿದ ವಿಲ್ ಓಲ್ಡ್‌ಹ್ಯಾಮ್‌ಗೆ ವ್ಯಾಕರಣ ಗೊತ್ತಿರ್ಲಿಲ್ವಾ? ಅವನೂ ಬೆಟ್ಟದ ಗಣಿಯೂರಿನವನಲ್ಲ ಕಣೋ, ಕೆಂಟಕಿಯ ಲೂಯಿವಿಲ್ ಸಿಟಿ ಹುಡುಗ, ಗಣಿಯೂರಲ್ಲಿ ಧರ್ಮೋಪದೇಶ ಮಾಡೋ ಹುಡುಗನ ಪಾತ್ರ ಮಾಡಿದ್ದು 1987ರ 'ಮೇಟ್‌ವಾನ್' ಸಿನಿಮಾದಲ್ಲಿ, ಆಲ್ಬಂಗೆ ನುಡಿಸಿದ್ದು ಸ್ಲಿಂಟ್ ಅನ್ನೋ ರಾಕ್ ಬ್ಯಾಂಡಿನ ಗೆಳೆಯರು. ಸ್ವರ ಮೇಲೆ ಹೋದಾಗ ಗಂಟಲು ಒಡೆಯುತ್ತೆ, ಅವನು ಅದನ್ನ ಹಾಗೇ ಬಿಟ್ಟ. 2000ದಲ್ಲಿ ಕಂಟ್ರಿ ಸಂಗೀತದ ದೊಡ್ಡ ಹಾಡುಗಾರ ಜಾನಿ ಕ್ಯಾಶ್ ಇವನದೊಂದು ಹಾಡು ಹಾಡಿದಾಗ ಜೊತೆಗೆ ಹಾಡಿದ್ದೂ ಇದೇ ಒಡಕು ಗಂಟಲು.

ನನ್ನ ಮೊದಲ ಕತೇಲಿ ಹಾಸಿಗೆ ಹಿಡಿದ ಅಜ್ಜಿ 'ನನಗ್ಯಾರ ಅದಾರೋ ಯಪ್ಪಾ' ಅಂತಿದ್ಲು. ಸಂಪಾದಕರೊಬ್ಬರು ಅದನ್ನ 'ನನಗೆ ಯಾರಿದ್ದಾರೆ ಮಗು' ಅಂತ ತಿದ್ದಿ ಅಚ್ಚು ಹಾಕಿದ್ರು, ನಾನು ಥ್ಯಾಂಕ್ಸ್ ಅಂತ ಕಾರ್ಡ್ ಬೇರೆ ಬರೆದೆ. ಅವ್ವಗೆ ಓದಿ ಹೇಳಿದ್ರೆ ಅವಳು ಅಕ್ಕಿ ಆರಿಸ್ತಾ, ತಲೆ ಎತ್ತದೇನೇ, 'ಇಕಿ ಯಾರ ಮನಿ ಅಜ್ಜಿ?' ಅಂದ್ಲು. ಮೂವತ್ತು ವರ್ಷ ಆಯ್ತು. ಸಿಟ್ಟು ಆ ಸಂಪಾದಕರ ಮೇಲಲ್ಲ, ಆ ಕಾರ್ಡ್ ಬರೆದ ನನ್ನ ಮೇಲೆ.

ಅದಕ್ಕೇ ಹೇಳ್ತಿದ್ದೀನಿ, ನಿನ್ನ ಎರಡು ಪುಟದಲ್ಲಿ 'ವಿಷಾದ' ಒಂಬತ್ತು ಸಲ ಇದೆ, ಒಂಬತ್ತೂ ಸಲ ನಂಗೇನೂ ಕೇಳಿಸ್ಲಿಲ್ಲ. ಕೇಳಿಸಿದ್ದು ಒಂದೇ ಕಡೆ. 'ಹಾಸ್ಟೆಲಲ್ಲಿ ಎಲ್ರೂ ಮಲಗಿದ್ಮೇಲೆ ಕೇಳ್ತಾ ಇದ್ದೆ, ದನಿ ಒಡೆದ ಕೂಡ್ಲೇ ವಾಲ್ಯೂಮ್ ಇಳಿಸಿದೆ, ಯಾರಾದ್ರೂ ಎದ್ದಾರು ಅಂತಲ್ಲ, ಬೇರೆಯವ್ರ ಅಳು ಬಾಗಿಲಲ್ಲಿ ನಿಂತು ಕೇಳ್ದಂಗೆ ಆಯ್ತು' ಅಂತ ಬರೆದಿದ್ದೀಯ. ಬರೆದು ಪೆನ್ನಲ್ಲಿ ಗೀಚಿ ಹೊಡೆದು ಹಾಕಿದ್ದೀಯ. ಹಾಳೆನ ಕಿಟಕಿ ಬೆಳಕಿಗೆ ಹಿಡಿದು ಓದಿದೆ ಕಣೋ.

ಆ ಸಾಲು ವಾಪಸ್ ಹಾಕು, 'ವಾಟ್' ಕೂಡ. ಭಾನುವಾರದೊಳಗೆ ಕಳಿಸು, ಕಾಯ್ತಿರ್ತೀನಿ.