ಅಳಿಸುವ ಸಿನಿಮಾಕ್ಕೆ ನಾನು ಬರಲ್ಲ ಕಣೋ

ಪ್ರೀತಿಯ ಗೆಳೆಯಾ,

ಶನಿವಾರದ ಫಸ್ಟ್ ಶೋಗೆ ನನಗೂ ಸೇರಿಸಿ ಎರಡು ಟಿಕೆಟ್ ಬುಕ್ ಮಾಡಿದ್ದೀಯ. ‘ಕರ್ಚೀಫ್ ಮರೀಬೇಡ’ ಅಂತ ಕೆಳಗೆ ಬರೆದಿದ್ದೀಯ. ಆ ಒಂದು ಸಾಲು ನೋಡಿದ ಕೂಡಲೇ ನಾನು ಬರಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಫೋನಿನಲ್ಲಿ ಹೇಳಿದರೆ ಮತ್ತೆ ಜಗಳ ಆಗುತ್ತದೆ. ಅದಕ್ಕೇ ಈ ಪತ್ರ.

ಅಳಿಸುವ ಕಥೆ ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಶುರುವಾಗಿದ್ದು ಸ್ಕೂಲಿನಲ್ಲಿ, ಗೋವಿನ ಹಾಡಿನಿಂದ. ನಮ್ಮ ಮೇಷ್ಟ್ರು ಅದನ್ನು ರಾಗವಾಗಿ ಹೇಳಿಕೊಡುತ್ತಿದ್ದರು. ಎಲ್ಲರಿಗೂ ಅದು ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿಯ ಕಥೆ. ನನಗೆ ಮಾತ್ರ ಅದು ಕರುವಿನ ಕಥೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಹತ್ತಿರ ಮಲಗಲಿ ಅಂತ ಅದು ತಾಯಿಯನ್ನು ಕೇಳುತ್ತದಲ್ಲ, ಅಲ್ಲಿಗೆ ಬಂದಾಗ ನಾನು ಡೆಸ್ಕಿನ ಮೇಲೆ ತಲೆ ಇಟ್ಟುಬಿಡುತ್ತಿದ್ದೆ. ಕೊನೆಗೆ ಹಸು ಉಳಿಯುತ್ತದೆ, ನಿಜ. ಆದರೆ ಪಾಪ, ಹುಲಿ ಸಾಯುತ್ತದೆ. ಮನೆಗೆ ಬಂದವನೇ ಕೊಟ್ಟಿಗೆಗೆ ಹೋಗಿ ನಮ್ಮ ಹಸುವಿನ ಗಂಗೆದೊಗಲು ಸವರುತ್ತಾ ನಿಂತಿರುತ್ತಿದ್ದೆ. ಅಮ್ಮ ಬಂದು ಕರೆಯುವ ತನಕ ಅಲ್ಲೇ.

ಈಗಲೂ ಯಾವ ಸಿನಿಮಾಕ್ಕೆ ಹೋಗಬೇಕಾದರೂ ಕೊನೆಗೆ ಏನಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಇದಕ್ಕೆ ಅಂತಲೇ ಒಂದು ವೆಬ್‌ಸೈಟ್ ಇದೆ, ಗೊತ್ತಾ? ‘ಡಸ್ ದ ಡಾಗ್ ಡೈ’ ಅಂತ ಅದರ ಹೆಸರು. ಸಿನಿಮಾದಲ್ಲಿ ನಾಯಿ ಸಾಯುತ್ತದಾ ಇಲ್ಲವಾ ಅಂತ ನೋಡಿದವರು ಅಲ್ಲಿ ಬರೆದಿಡುತ್ತಾರೆ. ಅದು ಸಿಕ್ಕ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ನನ್ನ ಥರದವರು ಊರೂರಲ್ಲೂ ಇದ್ದಾರೆ ಅನ್ನಿಸಿತು.

ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಕರುಣವೂ ಒಂದು. ಅದರ ಬೇರು ಶೋಕ. ಶೋಕ ರಂಗಕ್ಕೆ ಬಂದಾಗ ರಸ ಆಗುತ್ತದೆ, ಸವಿಯುವಂಥದ್ದಾಗುತ್ತದೆ ಅಂತ ತಿಳಿದವರು ಹೇಳುತ್ತಾರೆ. ನನ್ನೊಳಗೆ ಅದು ಶೋಕವಾಗಿಯೇ ಉಳಿದುಬಿಡುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 60 ಜನರಿಗೆ ದುಃಖದ ಸಿನಿಮಾ ತೋರಿಸಿ, ಆಮೇಲೆ ಅವರ ಮನಸ್ಸು ಹೇಗಿದೆ ಅಂತ ಕೇಳುತ್ತಾ ಹೋದರಂತೆ. 2015ರಲ್ಲಿ ಅದು ಪ್ರಕಟವಾಯಿತು. ಅತ್ತವರಿಗೆ ಸಿನಿಮಾ ಮುಗಿದ ಕೂಡಲೇ ಮನಸ್ಸು ಇನ್ನೂ ಕುಗ್ಗಿತ್ತು. 20 ನಿಮಿಷಕ್ಕೆ ಮೊದಲಿನ ಸ್ಥಿತಿಗೆ ಬಂತು. 90 ನಿಮಿಷ ಆದಮೇಲೆ, ಸಿನಿಮಾ ನೋಡುವ ಮುಂಚೆ ಇದ್ದದ್ದಕ್ಕಿಂತಲೂ ಹಗುರವಾಗಿತ್ತು. ನಿನ್ನಂಥವರ ಲೆಕ್ಕ ಇದು. ನನಗೆ ಹಗುರ ಆಗುವುದಕ್ಕೆ ನಾಲ್ಕು ದಿನ ಬೇಕು. ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಅದೇ ದೃಶ್ಯ ಕಣ್ಣ ಮುಂದೆ ಬರುತ್ತಿರುತ್ತದೆ.

ನಾನು ಬರದೇ ಇರುವುದಕ್ಕೆ ಕಾರಣ ಇಷ್ಟೇ. ಆದರೆ ಹೇಳಬೇಕಾದ್ದು ಬೇರೆ ಇದೆ.

ಹೋದ ಮಾಗಿಯಲ್ಲಿ ಊರಿಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ‘ಬಂಗಾರದ ಮನುಷ್ಯ’ ಬರುತ್ತಿತ್ತು. ಅಮ್ಮ ನೆಲದ ಮೇಲೆ ಕೂತು ಹಿದುಕವರೆ ಮಾಡುತ್ತಿದ್ದಳು. ನೆನೆಸಿದ ಅವರೆಕಾಳು ಒಂದು ಪಾತ್ರೆಯಲ್ಲಿ, ಹಿದುಕಿದ ಬೇಳೆ ಮೊರದಲ್ಲಿ. ಕಣ್ಣು ಟಿವಿ ಮೇಲೆ, ಬೆರಳು ತಮ್ಮ ಪಾಡಿಗೆ ತಾವು ಹಿದುಕುತ್ತಾ ಇದ್ದವು. 1972ರ ಸಿನಿಮಾ ಅದು. ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತ್ತು. ಅಮ್ಮ ಎಷ್ಟು ಸಲ ನೋಡಿದ್ದಾಳೋ ಅವಳಿಗೇ ಲೆಕ್ಕ ಇಲ್ಲ. ಅಕ್ಕನ ಸಂಸಾರಕ್ಕಾಗಿ ಮಣ್ಣಿನಲ್ಲಿ ದುಡಿದ ರಾಜೀವ, ಕೊನೆಗೆ ತಾನೇ ಸಾಕಿದ ಹುಡುಗನ ಬಾಯಿಂದ ಮಾತು ಕೇಳಿ ಎಲ್ಲ ಬಿಟ್ಟು ಹೊರಟುಬಿಡುತ್ತಾನೆ. ಅಷ್ಟು ಹೊತ್ತಿಗೆ ಅಮ್ಮನ ಬೆರಳು ನಿಂತಿತ್ತು. ಒಂದು ಕಾಳು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಾಗೇ ಇತ್ತು. ಕಣ್ಣೀರು ಗಲ್ಲದಿಂದ ಇಳಿದು ಮೊರಕ್ಕೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ.

‘ಗೊತ್ತಿರೋ ಕಥೆಗೆ ಯಾಕಮ್ಮ ಇಷ್ಟು ಅಳ್ತೀಯ? ಆಫ್ ಮಾಡ್ಲಾ?’ ಅಂದೆ.

‘ಬೇಡ ಕಣೋ, ಇರಲಿ. ಅಣ್ಣಯ್ಯನೂ ಹಿಂಗೇ ಹೋಗಿದ್ದು,’ ಅಂದಳು.

ನನಗೆ ಒಬ್ಬ ದೊಡ್ಡ ಮಾವ ಇದ್ದರು ಅಂತ ಗೊತ್ತಿತ್ತು, ಅಷ್ಟೇ. ತಾತ ತೀರಿಕೊಂಡಾಗ ಅವರಿಗೆ ಹತ್ತೊಂಬತ್ತು ವರ್ಷವಂತೆ. ಬೇಸಾಯ ನೋಡಿಕೊಂಡು, ತಮ್ಮಂದಿರನ್ನು ಓದಿಸಿ, ಮೂವರು ತಂಗಿಯರ ಮದುವೆ ಮಾಡಿದರು. ಪಾಲಿನ ಹೊತ್ತಿಗೆ ಲೆಕ್ಕ ಕೇಳಿದರಂತೆ ತಮ್ಮಂದಿರು. ಒಂದು ಬ್ಯಾಗು ಹಿಡಿದು ಹೋದವರು ಮತ್ತೆ ಬರಲಿಲ್ಲ. ಎಲ್ಲೋ ತೋಟದ ಕೆಲಸದಲ್ಲಿದ್ದಾಗ ಸತ್ತರು. ಸುದ್ದಿ ಬರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ತವರಿನಲ್ಲಿ ಅವರ ಹೆಸರು ಎತ್ತಿದರೆ ಜಗಳ. ಗಂಡನ ಮನೆಯಲ್ಲಿ ಎತ್ತಿದರೆ ತವರಿನ ಮರ್ಯಾದೆ ಹೋಗುತ್ತದೆ. ಅಮ್ಮ ಎಲ್ಲಿ ಅಳಬೇಕಿತ್ತು ಹೇಳು? ರಾಜ್‌ಕುಮಾರ್ ಸಿನಿಮಾ ನೋಡಿ ಅತ್ತರೆ ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಮನೆಯವರೂ ಬಂದು ಜೊತೆಗೆ ಕೂತು ಅಳುತ್ತಾರೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ನೆನಪಾಯಿತು.

2022ರಲ್ಲಿ ನೀನು ‘777 ಚಾರ್ಲಿ’ಯನ್ನು ಮೂರು ಸಲ ನೋಡಿದೆ. ನಾನು ಒಂದು ಸಲ ನಿನ್ನ ಜೊತೆ ಬಂದು ಇಂಟರ್‌ವಲ್ಲಿಗೇ ಎದ್ದು ಹೋದೆ. ‘ದುಡ್ಡು ಕೊಟ್ಟು ಅಳೋಕೆ ಹೋಗ್ತೀಯಲ್ಲ, ಹುಚ್ಚಾ ನಿಂಗೆ?’ ಅಂತ ಎಲ್ಲರ ಮುಂದೆ ಬೈದೆ. ನೀನು ಏನೂ ಹೇಳಲಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ನಿಮ್ಮಪ್ಪ ಕ್ಯಾನ್ಸರ್‌ನಿಂದ ಹೋಗಿದ್ದರು. ಸಿನಿಮಾದ ನಾಯಿ ಚಾರ್ಲಿಗೂ ಅದೇ ಕಾಯಿಲೆ. ಅವರಿಗೆ ಕಾಶಿ ನೋಡಬೇಕು ಅಂತ ಆಸೆ ಇತ್ತು. ಎರಡು ಸಲ ರೈಲ್ವೆ ಟಿಕೆಟ್ ಮಾಡಿಸಿ, ಕೀಮೋ ಡೇಟ್ ಬಂತು ಅಂತ ಎರಡು ಸಲವೂ ಕ್ಯಾನ್ಸಲ್ ಮಾಡಿಸಿದ್ದೆ ನೀನು. ಸಿನಿಮಾದಲ್ಲಿ ಧರ್ಮ ಕಾಯಿಲೆ ನಾಯಿಗೆ ಹಿಮ ತೋರಿಸಬೇಕು ಅಂತ ಬೈಕಿನ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ.

ಇಷ್ಟು ವರ್ಷ ಇವೆರಡನ್ನೂ ನಾನು ಒಂದು ಕಡೆ ಇಟ್ಟು ನೋಡಲೇ ಇಲ್ಲ. ನಾಯಿ ಸಾಕಿದವನೂ ಅಲ್ಲ ನೀನು. ನನಗೆ ಅವತ್ತೇ ತಿಳಿಯಬೇಕಿತ್ತು. ಅಪ್ಪನ ಹದಿಮೂರು ದಿನವೂ ಪುರೋಹಿತರಿಗೆ, ಅಡುಗೆಯವರಿಗೆ, ಬಂದವರಿಗೆ ಅಂತ ಓಡಾಡಿದವನು, ಒಂದು ಹನಿ ಹಾಕಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ನಾನು ಆಡಿದ ಮಾತು ತಪ್ಪು. ಕ್ಷಮಿಸು.

ಶನಿವಾರ ನೀನು ಹೋಗು. ನನ್ನ ಟಿಕೆಟ್ ಬೇರೆ ಯಾರಿಗಾದರೂ ಕೊಡು. ಇಲ್ಲ, ಪಕ್ಕದ ಸೀಟು ಖಾಲಿ ಇರಲಿ ಅನ್ನಿಸಿದರೆ ಹಾಗೇ ಬಿಡು. ಸಿನಿಮಾ ಬಿಡುವ ಹೊತ್ತಿಗೆ ಥಿಯೇಟರ್ ಎದುರಿನ ಹೋಟೆಲಿನಲ್ಲಿ ನಾನು ಕೂತಿರುತ್ತೇನೆ. ಕಣ್ಣು ಕೆಂಪಾಗಿದ್ದರೆ ಹಾಗೇ ಬಾ. ಕಾಫಿ ಕುಡಿಯೋಣ. ಕಥೆ ಹೇಳಬೇಡ, ಅಪ್ಪನ ವಿಷಯ ಹೇಳು. ಎಷ್ಟು ಹೊತ್ತಾದರೂ ಕೇಳುತ್ತೇನೆ.

ನಿನ್ನ ಗೆಳೆಯ