ಸುಮ್ನೆ ನಿಂತವರಿಗೆ ಮಾತ್ರ ಕಾನೂನೇ?

ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕ್ ಗೇಟಿನ ಹತ್ತಿರ ನಡೆದದ್ದನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ‘ಗಲಾಟೆ’ ಅಂತ ಹಾಕಿದ್ದೀರಿ. ಗಲಾಟೆ ಎಲ್ಲಿತ್ತು ಸ್ವಾಮಿ? ಚರಂಡಿಗೆಂದು ಅಗೆದ ರಸ್ತೆ ಮುಚ್ಚಿ ಅಂತ ರಟ್ಟಿನ ಮೇಲೆ ಬರೆದುಕೊಂಡು ನಿಂತಿದ್ದೆವು. ಅರ್ಧಕ್ಕರ್ಧ ಜನ ಮಂಡಿನೋವಿನವರು. ಘೋಷಣೆ ಕೂಗುವುದಿರಲಿ, ಜೋರಾಗಿ ಕೆಮ್ಮಿದವರೂ ಇರಲಿಲ್ಲ.

ಅಷ್ಟರಲ್ಲಿ ಪೊಲೀಸರ ಹೊಯ್ಸಳ ಗಾಡಿ ಬಂತು. ‘ಪರ್ಮಿಷನ್ ಇದೆಯಾ? ನಿಲ್ಲಬೇಕಾದರೆ ಫ್ರೀಡಂ ಪಾರ್ಕಿಗೆ ಹೋಗಿ’ ಎಂದರು. ಆಮೇಲೆ ಠಾಣೆಗೆ ಕರೆದು, ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಅಂತ ಮುಚ್ಚಳಿಕೆ ಬರೆಸಿಕೊಂಡರು. ಬೆಂಚು ಒಂದೇ, ಫ್ಯಾನ್ ಇಲ್ಲ. ನನ್ನ ಬಿಪಿ ಮಾತ್ರೆ ಮನೆಯಲ್ಲಿ, ತಿಂಡಿ ಟೇಬಲ್ ಮೇಲೆ. ಮನೆಯವಳು ಗಾಬರಿಯಾಗಿ ಮಗನಿಗೆ ಫೋನ್ ಮಾಡಿದ್ದಾಳೆ. ಅವನು ಆಫೀಸಿನಿಂದ ನನಗೇ ಬೈದ. ವಾಪಸ್ ಬರೋಣ ಅಂದರೆ ಆಟೋದವರು ಮೀಟರ್ ಮೇಲೆ ಡಬಲ್ ಕೇಳಿದರು. ಅದಕ್ಕೂ ಕಾನೂನಿದೆಯಂತೆ, ಠಾಣೆ ಮುಂದೆಯೇ ನಡೆಯುವುದಿಲ್ಲ!

2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲೇ ಆಗಬೇಕು. ಅದು ಹಳೇ ಸೆಂಟ್ರಲ್ ಜೈಲು. ಎಮರ್ಜೆನ್ಸಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜಾಗ. ಆಗ ಬಾಯಿಬಿಟ್ಟವರನ್ನು ಅಲ್ಲಿಗೆ ಹಾಕುತ್ತಿದ್ದರು. ಈಗ ಬಾಯಿ ಬಿಡಬೇಕೆಂದರೆ ನಾವೇ ಬಸ್ ಹತ್ತಿಕೊಂಡು ಅಲ್ಲಿಗೆ ಹೋಗಬೇಕು. ಅಲ್ಲ ಸ್ವಾಮಿ, ಗುಂಡಿ ಇರುವುದು ನಮ್ಮ ಬೀದಿಯಲ್ಲಿ. ಅಲ್ಲಿ ಹೋಗಿ ಯಾರಿಗೆ ತೋರಿಸೋಣ?

ಸಂಚಾರಕ್ಕೆ ತೊಂದರೆಯಂತೆ. ಅಗೆದ ರಸ್ತೆಯಲ್ಲಿ ಸಂಚಾರ ಎಲ್ಲಿಂದ ಬರಬೇಕು? ಅದೇ ಗೇಟಿನ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಹಲ್ಲುಕಿರಿಯುತ್ತಿದೆ. ಊರಿನ ಅಂದ ಕೆಡಿಸಬಾರದು ಅಂತ 1981ರಲ್ಲೇ ಕಾಯ್ದೆ ಮಾಡಿದ್ದಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಅಂತ ನಿಯಮ ಬಂದದ್ದು 2000ದಲ್ಲಿ. ಹೋದ ಗಣೇಶನ ಹಬ್ಬದಲ್ಲಿ ಡಿಜೆ ಸದ್ದಿಗೆ ನಮ್ಮ ಕಿಟಕಿ ಗಾಜು ನಡುಗುತ್ತಿತ್ತು. ಇದೇ ಠಾಣೆಗೆ ಫೋನ್ ಮಾಡಿದರೆ ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಸಾರ್’ ಎಂದರು. ನಮ್ಮ ರಟ್ಟಿನ ಜೊತೆ ಯಾಕೆ ಅಡ್ಜಸ್ಟ್ ಆಗಲಿಲ್ಲ?

ಕಾನೂನು ಕಡಿಮೆಯಾಗಿದೆ ಅಂತ ಯಾರೂ ಹೇಳುವ ಹಾಗಿಲ್ಲ. ಸಂವಿಧಾನದ 19ನೇ ವಿಧಿ, ಆಯುಧವಿಲ್ಲದೆ ಶಾಂತಿಯಿಂದ ಸೇರಬಹುದು ಅನ್ನುತ್ತದೆ. ನಮ್ಮ ಹತ್ತಿರ ಇದ್ದದ್ದು ಎರಡು ಊರುಗೋಲು. 2019ರ ಡಿಸೆಂಬರ್‌ನಲ್ಲಿ ಇಡೀ ಬೆಂಗಳೂರಿಗೆ ಗುಂಪು ಸೇರಬಾರದು ಅಂತ 144ನೇ ಸೆಕ್ಷನ್ ಹಾಕಿ, ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ವಶಕ್ಕೆ ತೆಗೆದುಕೊಂಡರು. ಆ ಆದೇಶ ಕಾನೂನುಬಾಹಿರ ಅಂತ ಹೈಕೋರ್ಟ್ ಹೇಳುವಷ್ಟರಲ್ಲಿ 2020ರ ಫೆಬ್ರುವರಿ ಬಂದಿತ್ತು. ವಶಕ್ಕೆ ತೆಗೆದುಕೊಂಡ ಪೊಲೀಸರಿಗೆ ಏನಾಯಿತು? ಏನೂ ಇಲ್ಲ. ಈಗ ಹೊಸ ಕಾನೂನಿನಲ್ಲಿ ಆ 144ರ ನಂಬರ್ 163 ಆಗಿದೆ, ಅಷ್ಟೇ.

ಇನ್ನು ವಾರ್ಡ್ ಆಫೀಸಿನ ಮಹಾಶಯರು. ನನ್ನ ಮನೆಯ ಖಾತೆಯಲ್ಲಿ ತಂದೆಯ ಹೆಸರನ್ನು ತಪ್ಪಾಗಿ ಬರೆದವರು ಅವರೇ, ಸರಿ ಮಾಡಲು ಅಫಿಡವಿಟ್ ಕೇಳುವವರೂ ಅವರೇ. ಕೇಳಿದರೆ ‘ರೂಲ್ಸ್ ಸಾರ್’ ಅಂತಾರೆ. ತೆರಿಗೆ ಒಂದು ದಿನ ತಡವಾದರೆ ದಂಡ ನಮಗೆ. ರಸ್ತೆ ಮಳೆಗಾಲ ಪೂರ್ತಿ ಬಾಯಿ ತೆರೆದುಕೊಂಡು ಬಿದ್ದಿದ್ದರೆ ದಂಡ ಯಾರಿಗೆ?

ಆದ್ದರಿಂದ ಬೀದಿಯಲ್ಲಿ ನಿಲ್ಲುವುದಕ್ಕೂ ಪರ್ಮಿಷನ್ ಕೇಳುವ ಈ ಆದೇಶವನ್ನು ಮೊದಲು ತೆಗೆದುಹಾಕಲಿ. ಫ್ಲೆಕ್ಸ್, ಡಿಜೆಯವರ ಮೇಲೆ ಇನ್ನೂ ಬಿಗಿಯಾದ ಕಾನೂನು ತರಲಿ. ಇಲ್ಲವೇ ಇರುವುದನ್ನಾದರೂ ಜಾರಿ ಮಾಡಲಿ. ಅದೂ ಆಗದಿದ್ದರೆ ಅಧಿಕಾರಿಗಳು ಒಮ್ಮೆ ಕತ್ತಲಾದ ಮೇಲೆ ನಮ್ಮ ರಸ್ತೆಯಲ್ಲಿ ನಡೆದು ನೋಡಲಿ. ಅದಕ್ಕೆ ನಮ್ಮ ಪರ್ಮಿಷನ್ ಬೇಕಾಗಿಲ್ಲ.

– ಮುಚ್ಚಳಿಕೆ ಬರೆದುಕೊಟ್ಟ ಹಿರಿಯ ನಾಗರಿಕ, ಬೆಂಗಳೂರು